ಮಕ್ಕಳಿಗೂ ಲಕ್ವಾ



ಈ ಸಲ ಕಾವ್ಯವನ್ನೂ ಶಾಲೆಯ ವಿನೋದ ಪ್ರಸಂಗಗಳನ್ನೂ ಬದಿಗಿರಿಸಿ ಒಂದು ಕಾಯಿಲೆಯ ಕುರಿತು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಹಲವರು ಈಗ ತಂದೆತಾಯಿಯರು, ಕೆಲವರು ನನ್ನಂತೆಯೇ ಶಿಕ್ಷಕ ವೃತ್ತಿಯಲ್ಲಿರುವವರು, ಒಂದಿಬ್ಬರು ಅಜ್ಜ ಅಜ್ಜಿಯರೂ ಆಗಿದ್ದೀರಿ. ನಾನು ವೈದ್ಯನಲ್ಲ, ಕನ್ನಡ ಕಲಿಸಿ ಹೊಟ್ಟೆ ಹೊರೆದವನು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮೂವರು ಮಕ್ಕಳಿಗೆ ಈ ಕಾಯಿಲೆ ಬಂದದ್ದನ್ನು ಹತ್ತಿರದಿಂದ ಕಂಡಿದ್ದೇನೆ. ಮಕ್ಕಳ ವೈದ್ಯನಾಗಿರುವ ಹಳೆಯ ಶಿಷ್ಯನೊಬ್ಬನು ನನ್ನ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರಿಸಿದ್ದಾನೆ. ಗುರುವಿಗೆ ಶಿಷ್ಯನು ಪಾಠ ಹೇಳುವ ಸುಖವೇ ಬೇರೆ. ಇರಲಿ.

'ಪಾರ್ಶ್ವವಾಯು' ನಮ್ಮ ಕಡೆ ಪುಸ್ತಕದ ಮಾತು. ಜನರ ಬಾಯಲ್ಲಿ ಅದು 'ಲಕ್ವಾ'. ಅರಬ್ಬಿಯಿಂದ ಉರ್ದು, ಮರಾಠಿಗಳ ಹಾದಿಯಾಗಿ ಬಂದ ಶಬ್ದ. ಮೂಲದಲ್ಲಿ ಬಾಯಿ ಸೊಟ್ಟಗಾಗುವುದೆಂದೇ ಅದರ ಅರ್ಥ. 'ಲಕ್ವಾ ಹೊಡೀತು' ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅರವತ್ತು ದಾಟಿದ, ಬಿ.ಪಿ., ಸಕ್ಕರೆ ಕಾಯಿಲೆಯ ಅಥವಾ ತಂಬಾಕಿನ ಚಟದ ಹಿರಿಯ ಜೀವ. ಮಗುವಿನ ಚಿತ್ರ ಬರುವುದೇ ಇಲ್ಲ. ಹಾಗೆ ಬಾರದಿರುವುದರಿಂದಲೇ ಮಗುವಿಗೆ ಲಕ್ವಾ ಹೊಡೆದಾಗ ಮನೆಯವರು ಗಾಳಿ ಎನ್ನುತ್ತಾರೆ, ದೃಷ್ಟಿ ಎನ್ನುತ್ತಾರೆ, ಪಿಟ್ಸು ಎನ್ನುತ್ತಾರೆ, ಹುಡುಗ ಸೋಗು ಹಾಕುತ್ತಿದ್ದಾನೆ ಎಂದೂ ಅನ್ನುತ್ತಾರೆ.

ಇದು ಅಪರೂಪದ ಕಾಯಿಲೆ, ಆದರೆ ನಾವು ತಿಳಿದಷ್ಟು ಅಪರೂಪವಲ್ಲ. ಬೇರೆ ಬೇರೆ ದೇಶಗಳ ಲೆಕ್ಕದಂತೆ ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಒಂದೆರಡರಿಂದ ಹದಿಮೂರರವರೆಗೆ ಇದು ಕಾಣಿಸಿಕೊಳ್ಳುತ್ತದೆ. ಹುಟ್ಟುವ ಹೊತ್ತಿಗೆ ಅಥವಾ ಹುಟ್ಟಿದ ಮೊದಲ ದಿನಗಳಲ್ಲಿ ಬರುವ ಲಕ್ವಾ ಇನ್ನೂ ಹೆಚ್ಚು. ಸುಮಾರು ನಾಲ್ಕು ಸಾವಿರ ಹೆರಿಗೆಗಳಿಗೆ ಒಂದು. ಮಿದುಳಿಗೆ ರಕ್ತ ಒಯ್ಯುವ ನಾಳ ಹೆಪ್ಪಿನಿಂದ ಮುಚ್ಚುವುದು ಒಂದು ಬಗೆ, ನಾಳ ಒಡೆದು ರಕ್ತ ಸೋರುವುದು ಇನ್ನೊಂದು. ದೊಡ್ಡವರಲ್ಲಿ ಮೊದಲನೆಯದೇ ಬಹುಪಾಲು. ಮಕ್ಕಳಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ.

ಮೊದಲು ಮೂಡಲಗಿ ಕಡೆಯ ಹುಡುಗಿಯ ವಿಷಯ ಹೇಳುತ್ತೇನೆ. ಆಗ ಮೂಡಲಗಿ ಇನ್ನೂ ಗೋಕಾಕ ತಾಲೂಕಿನಲ್ಲೇ ಇತ್ತು. 1994ರ ಕಬ್ಬಿನ ಹಂಗಾಮು. ಎಂಟನೆಯ ಇಯತ್ತೆಯಲ್ಲಿ ನಾನು ಉಕ್ತಲೇಖನ ಹೇಳುತ್ತಿದ್ದೆ. ಎರಡನೆಯ ಸಾಲಿನ ಹುಡುಗಿಯ ಕೈಯಿಂದ ಪೆನ್ನು ಜಾರಿತು. ಬಗ್ಗಿ ಎತ್ತಿಕೊಳ್ಳಹೋದವಳು ಹಾಗೆಯೇ ಬಲಕ್ಕೆ ವಾಲಿದಳು. ಪಕ್ಕದವಳು ಕೂಗಿದಳು: "ಸರ್ರ, ಇಕಿ ಬಾಯಿ ಸೊಟ್ಟ ಆಗೈತ್ರಿ, ಮಾತಾಡವಲ್ಲಳ್ರಿ!" ನೆಲದ ಮೇಲೆ ಮಲಗಿಸಿದೆವು. ಎಚ್ಚರವಿತ್ತು. ನನ್ನನ್ನೇ ನೋಡುತ್ತಿದ್ದಳು. ಏನನ್ನೋ ಹೇಳಬೇಕೆಂದು ತುಟಿ ಅಲುಗಿಸುತ್ತಿದ್ದಳು. ಬಂದದ್ದು ಅರ್ಥವಿಲ್ಲದ ಒಂದು ಸ್ವರ ಮಾತ್ರ.

ತಂದೆ ಚಕ್ಕಡಿಯಲ್ಲಿ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗಿದ್ದನು. ಮನೆಯ ಹಿರಿಯರು ಬಂದರು. ಗೋಕಾಕಕ್ಕೆ ಒಯ್ಯೋಣವೆಂದು ನಾವು ಶಿಕ್ಷಕರು ಎಷ್ಟು ಹೇಳಿದರೂ ಅವರು ಲಕ್ವಾಕ್ಕೆ ನಾಟಿ ಔಷಧ ಕೊಡುವ ಊರೊಂದಕ್ಕೆ ಕರೆದೊಯ್ದರು. ಅಲ್ಲಿ ಪಾರಿವಾಳದ ಬಿಸಿರಕ್ತವನ್ನು ಕೈಕಾಲಿಗೆ ತಿಕ್ಕಿ, ಮೂರು ದಿನ ಉಪ್ಪು ಹುಳಿ ಬಿಡಿಸಿ, ಕತ್ತಲೆಯ ಕೋಣೆಯಲ್ಲಿ ಮಲಗಿಸಿದರು. ಆ ಜನರನ್ನು ಬೈಯುವ ಮನಸ್ಸು ನನಗಿಲ್ಲ. ಹಿಂದೆ ಅದೇ ಮನೆಯ ಅಜ್ಜನಿಗೆ ಅಲ್ಲಿಯೇ 'ಗುಣವಾಗಿತ್ತು'. ಲಕ್ವಾದ ನಂತರದ ವಾರಗಳಲ್ಲಿ ಮಿದುಳು ತನ್ನಷ್ಟಕ್ಕೆ ತಾನೇ ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆ ಕೀರ್ತಿ ಪಾರಿವಾಳದ ಪಾಲಾಗುತ್ತದೆ. ನಾಲ್ಕನೆಯ ದಿನ ಜ್ವರ ಏರಿದಾಗ ತಂದೆ ಬಾಡಿಗೆ ಜೀಪು ಮಾಡಿ ಮಗಳನ್ನು ಮಿರಜಕ್ಕೆ ಕರೆದೊಯ್ದನು. ಅಲ್ಲಿಯ ವೈದ್ಯರು ಮಾಡಿದ ಮೊದಲ ಕೆಲಸವೆಂದರೆ ಎದೆಗೆ ಸ್ಟೆತಸ್ಕೋಪು ಇಟ್ಟದ್ದು. ಕಾಯಿಲೆಯ ಬೇರು ಮಿದುಳಿನಲ್ಲಿರಲಿಲ್ಲ, ಹೃದಯದಲ್ಲಿತ್ತು.

ಸಂಧಿವಾತ ಜ್ವರದ ಹೆಸರನ್ನು ನೀವು ಕೇಳಿರಬಹುದು. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಒಂದು ಬಗೆಯ ಸೂಕ್ಷ್ಮಾಣುವಿನಿಂದ ಗಂಟಲು ನೋವು ಬರುತ್ತದೆ, ಹೋಗುತ್ತದೆ. ಎರಡು ಮೂರು ವಾರಗಳ ಬಳಿಕ ಮೊಣಕಾಲು ಊದಿಕೊಳ್ಳುತ್ತದೆ; ಅದು ಇಳಿದರೆ ಹಿಮ್ಮಡಿಯ ಕೀಲು, ಆಮೇಲೆ ಮೊಣಕೈ, ಹೀಗೆ ನೋವು ಊರು ಸುತ್ತುತ್ತದೆ. ಸೂಕ್ಷ್ಮಾಣುವಿನ ಮೇಲೆ ಯುದ್ಧಕ್ಕೆ ಹೊರಟ ದೇಹದ ಸೈನ್ಯವು ದಾರಿ ತಪ್ಪಿ ಹೃದಯದ ಕವಾಟಗಳನ್ನೇ ಕಡಿಯುತ್ತದೆ. ಕೀಲುಗಳು ಸರಿಹೋಗುತ್ತವೆ, ಕವಾಟ ಸರಿಹೋಗುವುದಿಲ್ಲ. ಕವಾಟ ಕಿರಿದಾದಂತೆ ಹೃದಯದ ಮೇಲ್ಕೋಣೆಯಲ್ಲಿ ರಕ್ತ ನಿಂತ ನೀರಿನಂತಾಗಿ ಹೆಪ್ಪುಗಟ್ಟುತ್ತದೆ. ಅದರ ಒಂದು ಚೂರು ಮಿದುಳಿಗೆ ಹಾರಿದರೆ ಲಕ್ವಾ. ಶ್ರೀಮಂತ ದೇಶಗಳಲ್ಲಿ ನಡುವಯಸ್ಸಿಗೆ ಕಾಣುವ ಈ ಕವಾಟದ ಕಿರಿದಾಗುವಿಕೆಯು ಭಾರತದಲ್ಲಿ ಎಳೆಯರಲ್ಲೇ ಕಾಣುತ್ತದೆಂದು ಡಾ. ಸುಜಯ್ ರಾಯ್ ಮತ್ತು ಅವರ ಸಂಗಡಿಗರು 1963ರಷ್ಟು ಹಿಂದೆಯೇ ಲೋಕಕ್ಕೆ ತಿಳಿಸಿದ್ದರು. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಮನೆಗಳ ರೋಗವಿದು.

ಹಾಜರಿ ಪುಸ್ತಕ ತೆಗೆದು ನೋಡಿದೆ. ಐದನೆಯ, ಆರನೆಯ ಇಯತ್ತೆಗಳಲ್ಲಿ ಆ ಹುಡುಗಿ ವಾರಗಟ್ಟಲೆ ಗೈರುಹಾಜರಾಗಿದ್ದಳು. ಮೊಣಕಾಲು ನೋವಿಗೆ 'ಬೆಳೆಯುವ ನೋವು' ಎಂದು ಮನೆಯಲ್ಲಿ ಎಣ್ಣೆ ಹಚ್ಚಿದ್ದರಂತೆ. ಆ ಹೊತ್ತಿಗೆ ಕಾಯಿಲೆ ಪತ್ತೆಯಾಗಿದ್ದರೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸಿ ಕವಾಟವನ್ನು ಬಹುಮಟ್ಟಿಗೆ ಉಳಿಸಬಹುದಿತ್ತು. ಸೂಜಿ ತುಸು ನೋಯುತ್ತದೆ, ಬೆಲೆ ಅಗ್ಗ.

ಶಿಕ್ಷಕರಾಗಿರುವ ನನ್ನ ಶಿಷ್ಯರು ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಸಂಧಿವಾತ ಜ್ವರದ ಕೆಲವು ಮಕ್ಕಳಲ್ಲಿ ತಿಂಗಳುಗಳ ನಂತರ ಕೈ ತಾನಾಗಿಯೇ ಅದುರತೊಡಗುತ್ತದೆ, ಮುಖ ಕಿವುಚುತ್ತದೆ, ಬರವಣಿಗೆ ಕೆಡುತ್ತದೆ, ಲೋಟ ಕೈಯಿಂದ ಬೀಳುತ್ತದೆ. ಇಂಗ್ಲೆಂಡಿನ ಥಾಮಸ್ ಸಿಡೆನ್‌ಹ್ಯಾಮ್ 1686ರಲ್ಲಿ ವರ್ಣಿಸಿದ ಈ ವ್ಯಾಧಿಗೆ ಅವನ ಹೆಸರೇ ನಿಂತಿದೆ. ಇದು ಲಕ್ವಾ ಅಲ್ಲ, ಆದರೆ ಹೃದಯ ತೋರಿಸಿ ಎಂಬ ಓಲೆ. ಇಂಥ ಮಗುವಿಗೆ ಎಷ್ಟು ಶಾಲೆಗಳಲ್ಲಿ 'ಅಕ್ಷರ ಕೆಟ್ಟಿದೆ, ಮೂತಿ ಸೊಟ್ಟ ಮಾಡುತ್ತೀಯಾ' ಎಂದು ಪೆಟ್ಟು ಬಿದ್ದಿವೆಯೋ!

ಇನ್ನು ಆ ಹುಡುಗಿಯ ಮಾತು. ಕನ್ನಡ ಮೇಷ್ಟ್ರಾದ ನನಗೆ ಈ ಭಾಗವೇ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. ಮಿದುಳಿನ ಎಡಭಾಗ ಪೆಟ್ಟು ತಿಂದರೆ ದೇಹದ ಬಲಭಾಗದ ಜೊತೆಗೆ ನುಡಿಯೂ ಹೋಗುತ್ತದೆ. ಎರಡು ತಿಂಗಳ ಮೇಲೆ ಮನೆಗೆ ಹೋದಾಗ ಅವಳು ನನ್ನನ್ನು ಗುರುತಿಸಿ ನಕ್ಕಳು. ಹೆಸರು ಕೇಳಿದೆ, ಹೇಳಲಾಗಲಿಲ್ಲ. ಬಾಗಿಲು, ಎಮ್ಮೆ, ಕೊಡ ತೋರಿಸಿದೆ. ಯಾವುದಕ್ಕೂ ಶಬ್ದ ಬರಲಿಲ್ಲ, ಕಣ್ಣಲ್ಲಿ ನೀರು ಬಂದವು. ಅಷ್ಟರಲ್ಲಿ ಅವಳ ತಮ್ಮ ಮೂಲೆಯಲ್ಲಿ ಕುಳಿತು ಮಗ್ಗಿ ಒಪ್ಪಿಸುತ್ತಿದ್ದವನು ಎರಡರ ಮಗ್ಗಿಯ ನಡುವೆ ತಡವರಿಸಿದ. ಇವಳು ಹಾಸಿಗೆಯಿಂದಲೇ "ಎರಡೇಳ್ಲೆ ಹದಿನಾಕು, ಎರಡೆಂಟ್ಲೆ ಹದಿನಾರು" ಎಂದು ಸಲೀಸಾಗಿ ಮುಂದುವರಿಸಿದಳು! ಮನೆಯವರೆಲ್ಲ ಬೆಚ್ಚಿದರು. ಶಾಲೆಯ ಪ್ರಾರ್ಥನೆ ಎತ್ತಿಕೊಟ್ಟೆ. ರಾಗದೊಡನೆ ಪೂರ್ತಿ ಹಾಡಿದಳು. ಆದರೆ ಅದೇ ಪ್ರಾರ್ಥನೆಯ ಒಂದು ಶಬ್ದವನ್ನು ಬಿಡಿಯಾಗಿ ಹೇಳೆಂದರೆ ಆಗದು. ಬಾಯಿಪಾಠವಾದ ಸರಣಿಗಳೂ ಹಾಡೂ ಹೊಸದಾಗಿ ಕಟ್ಟುವ ಮಾತೂ ಮಿದುಳಿನಲ್ಲಿ ಒಂದೇ ದಾರಿ ಹಿಡಿಯುವುದಿಲ್ಲವೆಂದು ಶಿಷ್ಯ ವೈದ್ಯನು ವಿವರಿಸಿದ್ದು ಎಷ್ಟೋ ವರ್ಷಗಳ ಬಳಿಕ. ಹಾಡಿನ ಧಾಟಿಯಿಂದ ಮಾತನ್ನು ಮರಳಿ ಕಲಿಸುವ ಚಿಕಿತ್ಸೆ 1970ರ ದಶಕದಿಂದಲೇ ಇದೆಯಂತೆ. ಆಗ ನಮಗದು ತಿಳಿಯದು. ಆದರೂ ಕಂಡದ್ದನ್ನು ಹಿಡಿದುಕೊಂಡು ಅವಳ ತಾಯಿ ನೀರು, ರೊಟ್ಟಿ, ಅವ್ವ ಎಂಬ ಶಬ್ದಗಳನ್ನೆಲ್ಲ ಬೀಸುವ ಕಲ್ಲಿನ ಹಾಡಿನ ಧಾಟಿಗೆ ಹೊಂದಿಸಿ ಹೇಳಿಸತೊಡಗಿದಳು. ಓದು ಬಾರದ ಹೆಂಗಸು. ಒಂದು ವರ್ಷದಲ್ಲಿ ಹುಡುಗಿ ಸಣ್ಣ ಸಣ್ಣ ವಾಕ್ಯ ಆಡುವಂತಾದಳು. ಕಾಲು ಎಳೆಯುತ್ತ ನಡೆದಳು. ಬಲಗೈ ಮುಷ್ಟಿ ಮಾತ್ರ ತೆರೆಯಲಿಲ್ಲ. ಎಡಗೈಯಲ್ಲಿ ಅ ಆ ದಿಂದ ಬರೆಯಲು ಕಲಿತಳು. ಮುಂದೆ ಬೆಂಗಳೂರಿನಲ್ಲಿ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯಾಯಿತು. ಎಸ್.ಎಸ್.ಎಲ್.ಸಿ.ಗೆ ಬರೆಯುವ ಸಹಾಯಕರನ್ನು ಕೊಡಲು ಕಚೇರಿಯೊಂದರಿಂದ ಒಪ್ಪಿಗೆ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿತ್ತು. ಅವಳು ಎಡಗೈಯಲ್ಲೇ ಬರೆದು ಪಾಸಾದಳು. ಈಗ ತಮ್ಮನ ಅಂಗಡಿಯ ಲೆಕ್ಕ ಇಡುತ್ತಾಳೆ. ದಿನವೂ ರಕ್ತ ತಿಳಿಯಾಗಿಸುವ ಗುಳಿಗೆ, ಆಗಾಗ ರಕ್ತಪರೀಕ್ಷೆ.

ಬೇಗ ಆಸ್ಪತ್ರೆಗೆ ಒಯ್ದಿದ್ದರೆ ಕೈ ಉಳಿಯುತ್ತಿತ್ತೇ? ಹೇಳಲಾಗದು. ದೊಡ್ಡವರಿಗೆ ನಾಲ್ಕೂವರೆ ಗಂಟೆಯೊಳಗೆ ಕೊಡುವ ಹೆಪ್ಪು ಕರಗಿಸುವ ಸೂಜಿಗೆ ಮಕ್ಕಳಲ್ಲಿ ಇಂದಿಗೂ ದೊಡ್ಡವರಲ್ಲಿರುವಷ್ಟು ಗಟ್ಟಿ ಆಧಾರವಿಲ್ಲ. ದೊಡ್ಡ ಕೇಂದ್ರಗಳಲ್ಲಿ ಆಯ್ದ ಮಕ್ಕಳಿಗೆ ಮಾತ್ರ ಕೊಡುತ್ತಾರೆ. ಆದರೆ ಜ್ವರ ಇಳಿಸುವುದು, ಪಿಟ್ಸು ತಡೆಯುವುದು, ನೀರಿನಂಶ ಕಾಯುವುದು, ಎಲ್ಲಕ್ಕೂ ಮಿಗಿಲಾಗಿ ಎರಡನೆಯ ಹೊಡೆತವನ್ನು ತಪ್ಪಿಸುವುದು, ಇವೆಲ್ಲ ಮೊದಲ ಗಂಟೆಗಳ ಕೆಲಸಗಳು. ತಡವಾಗುವುದು ನಮ್ಮ ಹಳ್ಳಿಗಳಲ್ಲಿ ಮಾತ್ರವೆಂದು ತಿಳಿಯಬೇಡಿ. ಕೆನಡಾದ ಟೊರಾಂಟೊ ನಗರದ ಮಕ್ಕಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಕ್ಷಣ ಕಂಡ ಕ್ಷಣದಿಂದ ಲಕ್ವಾ ಎಂದು ಖಚಿತವಾಗುವವರೆಗೆ ಹಿಡಿದದ್ದು ಸುಮಾರು 23 ಗಂಟೆ. ಅಲ್ಲಿ ಪಾರಿವಾಳ ಹಿಡಿಯುವವರು ಯಾರೂ ಇರಲಿಲ್ಲ. ಮಗುವಿಗೆ ಲಕ್ವಾ ಬಂದೀತೆಂದು ಹೊಳೆಯದಿರುವುದೇ ಸಾಕು.

ಎಷ್ಟು ತೀವ್ರ ಎಂಬುದನ್ನು ಅಳೆಯಲು ವೈದ್ಯರ ಬಳಿ ಒಂದು ಅಂಕಪಟ್ಟಿ ಇದೆ. ಎಚ್ಚರ, ನೋಟ, ಮುಖ, ಕೈ, ಕಾಲು, ಮಾತು ಎಂದು ಪರೀಕ್ಷಿಸಿ ಸೊನ್ನೆಯಿಂದ 42ರವರೆಗೆ ಅಂಕ ಹಾಕುತ್ತಾರೆ. ದೊಡ್ಡವರದನ್ನು ಮಕ್ಕಳಿಗೆ ಹೊಂದಿಸಿದ ರೂಪ 2011ರಲ್ಲಿ ಬಂತು. ನಮ್ಮ ಪರೀಕ್ಷೆಗೆ ವಿರುದ್ಧ. ಇಲ್ಲಿ ಅಂಕ ಹೆಚ್ಚಾದಷ್ಟೂ ಕೇಡು. ಲಕ್ವಾ ಹೊಡೆದ ಮಕ್ಕಳಲ್ಲಿ ಬಹುಪಾಲು ಬದುಕುತ್ತಾರೆ, ಆದರೆ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಏನಾದರೊಂದು ಊನ ಉಳಿಯುತ್ತದೆ. ಎಳೆಯ ಮಿದುಳು ಎಲ್ಲವನ್ನೂ ತುಂಬಿಕೊಳ್ಳುತ್ತದೆಂಬ ಹಳೆಯ ನಂಬಿಕೆ ಅರ್ಧ ಮಾತ್ರ ನಿಜ. ಹುಟ್ಟಿನ ಹೊತ್ತಿಗೆ ಎಡಮಿದುಳು ಕೆಟ್ಟರೆ ಮಾತಿನ ಕೆಲಸವನ್ನು ಬಲಮಿದುಳು ವಹಿಸಿಕೊಳ್ಳಬಲ್ಲದು, ಇದು ನಿಜಕ್ಕೂ ಬೆರಗು. ಆದರೆ ಎರಡನೆಯ ಇಯತ್ತೆಯವರೆಗೆ ಚೆನ್ನಾಗಿದ್ದ ಮಗು ನಾಲ್ಕನೆಯದರಲ್ಲಿ ಭಾಗಾಕಾರಕ್ಕೆ ಬಂದಾಗ ಎಡವುತ್ತದೆ, ಗಮನ ನಿಲ್ಲುವುದಿಲ್ಲ. ಹಳೆಯ ಗಾಯ ಅದೇ. ಕೇಳುವ ಕೆಲಸ ದೊಡ್ಡದಾಯಿತು. ಇಂಥವರನ್ನು ನಾವು ದಡ್ಡರ ಸಾಲಿನಲ್ಲಿ ಕೂರಿಸುತ್ತೇವೆ.

ಗೋಕಾಕದ ಪ್ರಸಂಗ ಚಿಕ್ಕದು, ಸುಖಾಂತ. ನೆರೆಮನೆಯ ಒಂದೂವರೆ ವರ್ಷದ ಕೂಸು ಮಂಚದಿಂದ ಬಿತ್ತು. ತಲೆಯ ಮೇಲೆ ಬುಗುಟೆಯೂ ಏಳಲಿಲ್ಲ, ಆದರೆ ಅರ್ಧ ಗಂಟೆಯೊಳಗೆ ಒಂದು ಕೈ ಜೋತುಬಿತ್ತು. ಬೆಳಗಾವಿಯಲ್ಲಿ ಸ್ಕ್ಯಾನ್ ಮಾಡಿದಾಗ ಮಿದುಳಿನ ಆಳದ ಕಿರುನಾಳಗಳ ಸುತ್ತ ಸುಣ್ಣದ ಚುಕ್ಕೆಗಳು ಕಂಡವು. ಅಂಥ ನಾಳಗಳುಳ್ಳ ಕೂಸಿಗೆ ಸಣ್ಣ ಪೆಟ್ಟಿನಿಂದಲೂ ಲಕ್ವಾ ಬರಬಹುದೆಂದು ದಕ್ಷಿಣ ಭಾರತದ ಮಕ್ಕಳ ನರರೋಗ ತಜ್ಞರು ಈಚಿನ ವರ್ಷಗಳಲ್ಲಿ ಹಲವು ಪ್ರಕರಣಗಳನ್ನು ದಾಖಲಿಸಿದ್ದಾರೆ. ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಇದೂ ಮೂರು ತಿಂಗಳಲ್ಲಿ ಓಡಾಡಿತು.

ಮಿಕ್ಕ ಕಾರಣಗಳನ್ನೂ ಹೇಳಿಬಿಡುತ್ತೇನೆ. ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿದ್ದು ತುಟಿ ನೇರಳೆ ಹಣ್ಣಿನಂತೆ ಕಪ್ಪಿಡುವ ಮಕ್ಕಳು. ಆಟದ ಬಯಲಲ್ಲಿ ನಾಲ್ಕು ಹೆಜ್ಜೆ ಓಡಿ ಕುಕ್ಕುರುಗಾಲಲ್ಲಿ ಕುಳಿತು ದಣಿವಾರಿಸಿಕೊಳ್ಳುವವರು ಇವರು. ಇವರಿಗೆ ವಾಂತಿಭೇದಿಯಾಗಿ ನೀರಿನಂಶ ಇಳಿದರೆ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಮಿದುಳಿನ ಪೊರೆಗೆ ತಗಲುವ ಕ್ಷಯ. ನಮ್ಮವರು 'ಅಮ್ಮ ಬಂದಾಳ' ಎಂದು ಬೇವಿನ ಸೊಪ್ಪು ಕಟ್ಟುವ ಚಿಕನ್ ಪಾಕ್ಸ್. ಅದಾದ ಆರು ತಿಂಗಳವರೆಗೆ ಲಕ್ವಾದ ಸಂಭವ ಸುಮಾರು ನಾಲ್ಕು ಪಟ್ಟು. ಆದರೂ ಅದು ಬಹು ಚಿಕ್ಕ ಸಂಭವವೇ, ಹೆದರಬೇಡಿ. ಬೇರೆ ಸೋಂಕುಗಳೂ ನಾಳಗಳನ್ನು ಕೆರಳಿಸುತ್ತವೆ. 2015ರ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಲಸಿಕೆಗಳನ್ನು ಸರಿಯಾಗಿ ಹಾಕಿಸದ ಮಕ್ಕಳಲ್ಲಿ ಲಕ್ವಾ ಹೆಚ್ಚೆಂದು ಕಂಡುಬಂತು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಿನ ಜನರಲ್ಲಿ ಕುಡುಗೋಲು ಕಣದ ರಕ್ತಹೀನತೆ ಒಂದು ಕಾರಣ. ನಮ್ಮ ಸೀಮೆಯ ಸೋದರಮಾವ, ಅತ್ತೆಮಗನ ಮದುವೆಗಳೂ ಒಂದು ಮಾತಿಗೆ ಅರ್ಹ. ಹೋಮೋಸಿಸ್ಟಿನೂರಿಯಾ ಎಂಬ ಅಪರೂಪದ ದೋಷ ತಾಯಿತಂದೆ ಇಬ್ಬರಿಂದಲೂ ಬಂದರೆ ಮಗು ಸಣಕಲಾಗಿ ಎತ್ತರ ಬೆಳೆಯುತ್ತದೆ, ಕಣ್ಣಿನ ಮಸೂರ ಜಾರುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ. ಇವರಲ್ಲಿ ಎಷ್ಟೋ ಜನರಿಗೆ ಬಿ6 ಜೀವಸತ್ವವೇ ಔಷಧ. (ಹಿಂದೆ ಸಂಬಂಧದೊಳಗಿನ ಮದುವೆಯ ಬಗ್ಗೆ ಒಂದು ಮಾತು ಬರೆದದ್ದಕ್ಕೆ ನನ್ನ ಅಕ್ಕ ಆರು ತಿಂಗಳು ಮಾತು ಬಿಟ್ಟಿದ್ದಳು. ಈ ಸಲವೂ ಬಿಟ್ಟರೆ ಬಿಡಲಿ.)

ಎಲ್ಲಕ್ಕಿಂತ ಸಾಮಾನ್ಯವಾದದ್ದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ: ಕಬ್ಬಿಣದ ಕೊರತೆ. ಟೊರಾಂಟೊದಲ್ಲೇ 2007ರಲ್ಲಿ, ಬೇರಾವ ಕಾಯಿಲೆಯೂ ಇಲ್ಲದ ಎಳೆಯ ಮಕ್ಕಳಲ್ಲಿ ಲಕ್ವಾ ಹೊಡೆದವರನ್ನು ಆರೋಗ್ಯವಂತರೊಡನೆ ಹೋಲಿಸಿದಾಗ ಕಬ್ಬಿಣದ ಕೊರತೆಯ ರಕ್ತಹೀನತೆ ಮೊದಲಿನವರಲ್ಲಿ ಹತ್ತು ಪಟ್ಟು ಕಂಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ರಕ್ತಹೀನತೆ. ಅವರೆಲ್ಲರಿಗೂ ಲಕ್ವಾ ಬರುವುದಿಲ್ಲ, ತೀರ ಕೆಲವರಿಗೆ ಮಾತ್ರ. ಆದರೂ ಶಾಲೆಯಲ್ಲಿ ಕೊಡುವ ಕಬ್ಬಿಣದ ಗುಳಿಗೆ ಕಂಪೌಂಡಿನ ಹಿಂದೆ ಬಿದ್ದಿರುವುದನ್ನು ಎಷ್ಟು ಸಲ ಕಂಡಿದ್ದೇನೆ! 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಬರಬೇಕೆಂದು ನಿಯಮವಿದೆ. ಅವರು ಬಂದ ದಿನ ಮಗುವನ್ನು ಹೊಲಕ್ಕೆ ಕಳಿಸಬೇಡಿ. ಗೈರುಹಾಜರಾದ ಮಗುವೇ ಎಷ್ಟೋ ಸಲ ತೋರಿಸಬೇಕಾದ ಮಗು.

ಹುಕ್ಕೇರಿಯ ಕೂಸಿನ ಮಾತು ಉಳಿದಿದೆ. ನನ್ನ ಸೋದರ ಸಂಬಂಧಿಯೊಬ್ಬಳ ಮೊಮ್ಮಗ, 2015ರಲ್ಲಿ ಹುಟ್ಟಿದವನು. ಐದಾರು ತಿಂಗಳಿಗೇ ಗಿಲಕಿಯನ್ನು ಎಡಗೈಯಿಂದಲೇ ಹಿಡಿಯುತ್ತಿದ್ದ. "ನಮ್ಮಪ್ಪನಂಗ ಎಡಚ ಆಗ್ಯಾನ ನೋಡೋ ಅಣ್ಣಾ" ಎಂದು ಅಜ್ಜಿ ಹಿಗ್ಗಿದಳು. ಬಲಗೈ ಸದಾ ಮುಷ್ಟಿಯಾಗಿರುವುದನ್ನು ಗಮನಿಸಿದವಳು ಅಂಗನವಾಡಿಯ ಕಾರ್ಯಕರ್ತೆ. ಮಕ್ಕಳು ಒಂದು ವರ್ಷದವರೆಗೆ ಎರಡೂ ಕೈಗಳನ್ನು ಸಮನಾಗಿ ಬಳಸುತ್ತವೆ. ಅದಕ್ಕೂ ಮೊದಲೇ ಎಡಚನೋ ಬಲಚನೋ ಆಗಿ ಕಂಡರೆ ಇನ್ನೊಂದು ಕೈ ಸೋತಿದೆಯೆಂದೇ ಶಂಕಿಸಬೇಕು. ಎಂ.ಆರ್.ಐ.ಯಲ್ಲಿ ಹುಟ್ಟಿನ ಹೊತ್ತಿನ ಲಕ್ವಾದ ಹಳೆಯ ಗುರುತು ಕಂಡಿತು. 'ಸೊಸೆ ಗ್ರಹಣದಲ್ಲಿ ಹೊರಗೆ ಬಂದಿದ್ದಳು' ಎಂಬ ಮಾತು ಮನೆಯಲ್ಲಿ ಎದ್ದಿತು. ನಾನು ಹುಕ್ಕೇರಿಗೆ ಹೋಗಿ ಆ ಮಾತನ್ನು ಅಲ್ಲಿಯೇ ನಿಲ್ಲಿಸಿ ಬಂದೆ. ಇಂಥ ಲಕ್ವಾಕ್ಕೆ ಬಹುತೇಕ ತಾಯಿಯ ನಡೆಗೂ ಸಂಬಂಧವಿಲ್ಲ. ಅದು ಮರುಕಳಿಸುವುದೂ ತೀರ ಅಪರೂಪ.

ಚಿಕಿತ್ಸೆಯೆಂದರೆ ಆಟವೇ. ದಿನವೂ ಒಂದು ತಾಸು ಒಳ್ಳೆಯ ಕೈಗೆ ಕೈಚೀಲ ತೊಡಿಸಿ, ಸೋತ ಕೈಯಿಂದಲೇ ಕಡಲೆಕಾಯಿ ಆರಿಸಿ ಬಟ್ಟಲಿಗೆ ಹಾಕಿಸುವುದು. ಅವನು ಅಳುತ್ತಿದ್ದ, ತಾಯಿಯೂ ಅಳುತ್ತಿದ್ದಳು, ಕಡಲೆಕಾಯಿ ಬಟ್ಟಲಿಗೆ ಬೀಳುತ್ತಿತ್ತು. ಮಧ್ಯೆ ಎರಡು ಸಲ ಪಿಟ್ಸು ಬಂದು ಗುಳಿಗೆ ಆರಂಭವಾಯಿತು, ಈಗ ನಿಂತಿದೆ. ಸೈಕಲ್ ಹೊಡೆಯುತ್ತಾನೆ, ಗಣಿತದಲ್ಲಿ ಹಿಂದಿದ್ದಾನೆ, ಮಾತಿನಲ್ಲಿ ಮನೆಯವರನ್ನೆಲ್ಲ ಸೋಲಿಸುತ್ತಾನೆ. ಶಾಲೆಗೆ ಹೊರಡುವಾಗ ಅಂಗಿಯ ಗುಂಡಿಗಳನ್ನು ತಾನೇ ಹಾಕಿಕೊಳ್ಳಬೇಕೆಂದು ಅವನ ಹಟ. ಬಲಗೈ ಬೆರಳುಗಳಿಗೆ ಒಂದೊಂದು ಗುಂಡಿಯೂ ಹೊತ್ತು ತೆಗೆದುಕೊಳ್ಳುತ್ತದೆ. ಆಟೋದವನು ಹೊರಗೆ ಹಾರ್ನ್ ಬಾರಿಸುತ್ತಿರುತ್ತಾನೆ. ಸೊಸೆ ಬಾಗಿಲಲ್ಲಿ ಬುತ್ತಿ ಹಿಡಿದು ಸುಮ್ಮನೆ ನಿಂತಿರುತ್ತಾಳೆ.